ಅರುಚಿಯ ತಪಾಸಣೆ: ಕಾದಂಬರಿಗಳ ಆಯ್ಕೆಯಲ್ಲಿ ಶ್ರಾವಕನ ವಿವೇಕ

ದೇವಪೂಜೆ, ಗುರೂಪಾಸನೆ, ಸ್ವಾಧ್ಯಾಯ, ಸಂಯಮ, ತಪ, ದಾನ — ಇವು ಗೃಹಸ್ಥ ಶ್ರಾವಕನಿಗೆ ಆಚಾರ್ಯರು ವಿಧಿಸಿದ ಷಟ್ಕರ್ಮಗಳು. ಇವುಗಳಲ್ಲಿ ಸ್ವಾಧ್ಯಾಯವೆಂದರೆ ಶಾಸ್ತ್ರಗ್ರಂಥಗಳ ಅಧ್ಯಯನ ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಆದರೆ ಇಂದಿನ ಶ್ರಾವಕನ ಮನೆಯಲ್ಲಿ ಶಾಸ್ತ್ರಗ್ರಂಥದ ಪಕ್ಕದಲ್ಲಿಯೇ ಕಾದಂಬರಿಯೂ ಇರುತ್ತದೆ. ಶಿಕಾರಿಪುರ, ಸೊರಬಗಳಂಥ ಊರುಗಳಲ್ಲಿ ಬೆಳೆದ ಮಕ್ಕಳು ಶಾಲೆ ಕಾಲೇಜುಗಳಲ್ಲಿ ಕುವೆಂಪು, ಕಾರಂತ, ಮಾಸ್ತಿ, ಅನಂತಮೂರ್ತಿ, ಭೈರಪ್ಪ ಇವರ ಹೆಸರುಗಳನ್ನು ಕೇಳಿಕೊಂಡು ಮನೆಗೆ ಬರುತ್ತಾರೆ. ಇವರ ಕೃತಿಗಳಲ್ಲಿ ಯಾವುದನ್ನು ಓದಬೇಕು, ಯಾವುದನ್ನು ಬಿಡಬೇಕು ಎಂಬ ಪ್ರಶ್ನೆ ಮನೆಯ ಹಿರಿಯರ ಮುಂದೆ ಬರುತ್ತದೆ. ಬಸದಿಯ ಟ್ರಸ್ಟೊಂದು ವಾಚನಾಲಯಕ್ಕೆ ಪುಸ್ತಕ ಕೊಳ್ಳಲು ಹೊರಟರೆ ಇದೇ ಪ್ರಶ್ನೆ ಸಭೆಯ ಮುಂದೆ ಬರುತ್ತದೆ.

ಇದಕ್ಕೆ ಸಾಮಾನ್ಯವಾಗಿ ಎರಡು ಉತ್ತರಗಳು ಕೇಳಿಬರುತ್ತವೆ. ಲೋಕೋ ಭಿನ್ನರುಚಿಃ, ಅವರವರಿಗೆ ಇಷ್ಟವಾದುದನ್ನು ಅವರವರು ಓದಲಿ ಎಂಬುದು ಒಂದು. ಬೇಟೆ, ಮಾಂಸಾಹಾರ, ಕಾಮಪ್ರಸಂಗಗಳಿರುವ ಪುಸ್ತಕ ಜೈನರ ಮನೆಗೆ ಸಲ್ಲದು ಎಂಬುದು ಇನ್ನೊಂದು. ಮೊದಲನೆಯ ಉತ್ತರ ರುಚಿಯನ್ನೇ ನ್ಯಾಯಾಧೀಶನನ್ನಾಗಿ ಮಾಡುತ್ತದೆ, ಎರಡನೆಯದು ವಿಷಯಸೂಚಿಯನ್ನು. ಓದುವವನ ಮನಸ್ಸಿನಲ್ಲಿ ಏನು ನಡೆಯುತ್ತದೆ ಎಂಬುದನ್ನು ಮಾತ್ರ ಎರಡೂ ವಿಚಾರಿಸುವುದಿಲ್ಲ.

ಶ್ರಾವಕಾಚಾರದಲ್ಲಿ ಈ ಪ್ರಶ್ನೆಗೆ ನೇರವಾದ ಸ್ಥಾನವಿದೆ. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಹೇಳಿದ ಐದು ಅನರ್ಥದಂಡಗಳಲ್ಲಿ ದುಃಶ್ರುತಿಯೂ ಒಂದು. ರಾಗ, ದ್ವೇಷ, ಮದ, ಕಾಮ ಮೊದಲಾದವುಗಳಿಂದ ಚಿತ್ತವನ್ನು ಕದಡುವ ಗ್ರಂಥಗಳನ್ನು ಕೇಳುವುದೇ ದುಃಶ್ರುತಿ ಎಂಬುದು ಅವರ ಅಭಿಪ್ರಾಯ. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಗ್ರಂಥದಲ್ಲಿ ಏನಿದೆ ಎಂಬುದಷ್ಟೇ ಆಚಾರ್ಯರ ಅಳತೆಗೋಲಲ್ಲ. ಅದು ಕೇಳುವವನ ಚಿತ್ತವನ್ನು ಏನು ಮಾಡುತ್ತದೆ ಎಂಬುದು ಅಳತೆಗೋಲು.

ಈ ಮಾತಿಗೆ ಬಲವಾದ ಆಕ್ಷೇಪವೊಂದು ಜನ್ನನ ‘ಯಶೋಧರ ಚರಿತೆ’ಯಿಂದಲೇ ಹೊರಡಬಹುದು. ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಯಶೋಧರನು ಬಲಿಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಜೀವವಿಲ್ಲದ ಆ ಕೋಳಿಯನ್ನು ಕಡಿದ ಸಂಕಲ್ಪಹಿಂಸೆಗಾಗಿ ತಾಯಿ ಮಗ ಇಬ್ಬರೂ ತಿರ್ಯಗ್ಗತಿಯಲ್ಲಿ ಜನ್ಮಜನ್ಮಾಂತರ ತೊಳಲಿದರು. ಕೃತ, ಕಾರಿತ, ಅನುಮೋದನ ಎಂಬ ಮೂರೂ ಬಗೆಗಳಲ್ಲಿ ಹಿಂಸೆಯ ದೋಷ ತಟ್ಟುತ್ತದೆಂದು ಆಗಮ ಸಾರುತ್ತದೆ. ಹಿಟ್ಟಿನ ಕೋಳಿಗೇ ಇಷ್ಟು ಫಲವಾದರೆ, ಅಕ್ಷರದಲ್ಲಿ ನಡೆಯುವ ಹಂದಿಬೇಟೆಯನ್ನು ಸವಿಯುತ್ತ ಓದುವವನ ಗತಿಯೇನು? ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವಂತಿಲ್ಲ.

ಉತ್ತರವೂ ಅದೇ ಕಾವ್ಯದಲ್ಲಿದೆ. 1209ರಲ್ಲಿ ರಚಿತವಾದ ಆ ಕಾವ್ಯದಲ್ಲಿ ಚಂಡಮಾರಿಯ ಗುಡಿಯ ಭೀಕರತೆಯಿದೆ, ಪ್ರಾಣಿಗಳ ಆರ್ತನಾದವಿದೆ. ಪಟ್ಟದರಸಿ ಅಮೃತಮತಿ ಕುರೂಪಿಯಾದ ಅಷ್ಟಾವಂಕನ ಹಾಡಿಗೆ ಮನಸೋತು ಕುಲಮರ್ಯಾದೆಯನ್ನು ಮೀರಿದ ಪ್ರಸಂಗವೂ ಇದೆ. ವಿಷಯಸೂಚಿಯನ್ನು ನೋಡಿ ನಿರ್ಣಯಿಸುವುದಾದರೆ ಈ ಜೈನಕಾವ್ಯವನ್ನೇ ಮೊದಲು ಹೊರಗಿಡಬೇಕಾದೀತು. ಆದರೆ ಬಲಿಗೆಂದು ಹಿಡಿದು ತಂದ ಅಭಯರುಚಿ ಮತ್ತು ಅಭಯಮತಿ ಎಂಬ ಮಕ್ಕಳು ಈ ಹಿಂಸೆಯ ಕಥೆಯನ್ನು ಹೇಳಿದುದರಿಂದಲೇ ಮಾರಿದತ್ತನ ಕೈಯ ಕತ್ತಿ ಕೆಳಗಿಳಿಯಿತು. ಯಶೋಧರನ ದೋಷವಿದ್ದುದು ಕೊಲ್ಲುವ ಸಂಕಲ್ಪದಲ್ಲಿ. ಕೊಲೆಯ ಕಥೆಯನ್ನು ಕೇಳಿದ ಮಾರಿದತ್ತನಲ್ಲಿ ಮೂಡಿದುದು ಕೊಲ್ಲದಿರುವ ಸಂಕಲ್ಪ.

ಕನ್ನಡದ ಜೈನ ಕವಿಗಳ ಪರಂಪರೆಯೂ ಇದನ್ನೇ ಸಮರ್ಥಿಸುತ್ತದೆ. 941ರಲ್ಲಿ ‘ಆದಿಪುರಾಣ’ವನ್ನು ಬರೆದ ಪಂಪನೇ ‘ವಿಕ್ರಮಾರ್ಜುನ ವಿಜಯ’ವನ್ನೂ ಬರೆದ, ಒಂದರಲ್ಲಿ ಜಿನಾಗಮವನ್ನೂ ಇನ್ನೊಂದರಲ್ಲಿ ಲೌಕಿಕವನ್ನೂ ಬೆಳಗಿಸುವುದು ತನ್ನ ಉದ್ದೇಶವೆಂದು ಬೇರ್ಪಡಿಸಿ ಹೇಳಿದ. ಇಂದಿನ ಸೊರಬ ಮತ್ತು ಶಿಕಾರಿಪುರದ ಸೀಮೆ ಅಂದು ಬನವಾಸಿ ನಾಡಿಗೆ ಸೇರಿತ್ತು. ಆ ಬನವಾಸಿಯ ಮೇಲಿನ ಪಂಪನ ಪ್ರೀತಿ ಹರಿದಿರುವುದು ಲೌಕಿಕ ಕಾವ್ಯದಲ್ಲಿ. ಹಿಂದಿನವರು ಆಗಮಿಕ ಕಾವ್ಯವನ್ನು ಮಾತ್ರ ಉಳಿಸಿಕೊಂಡಿದ್ದರೆ ಈ ಸೀಮೆಯ ಜನ ತಮ್ಮ ನೆಲಕ್ಕೆ ಸಂದ ಅತ್ಯುತ್ತಮ ಕಾವ್ಯಗೌರವವನ್ನೇ ಕಳೆದುಕೊಳ್ಳುತ್ತಿದ್ದರು.

ಪುಸ್ತಕ ಕೊಳ್ಳುವ ಟ್ರಸ್ಟುಗಳಿಗೆ ಅತ್ತಿಮಬ್ಬೆಯ ನಿದರ್ಶನ ಹತ್ತಿರದ್ದು. ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಬಸದಿ ಶಾಂತಿನಾಥ ತೀರ್ಥಂಕರರದು. ಅದೇ ತೀರ್ಥಂಕರರ ಚರಿತೆಯಾದ ಪೊನ್ನನ ‘ಶಾಂತಿಪುರಾಣ’ದ 1000 ಪ್ರತಿಗಳನ್ನು ಅತ್ತಿಮಬ್ಬೆ ಓಲೆಗರಿಯಲ್ಲಿ ಬರೆಸಿ ಹಂಚಿದಳು. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ಒಂದು ಕೃತಿ ಉಳಿಯಬೇಕೇ ಬೇಡವೇ ಎಂಬುದು ದಾನಿಯ ಆಯ್ಕೆಯನ್ನು ಅವಲಂಬಿಸಿತ್ತು. ಅವಳ ಆಶ್ರಯದಲ್ಲಿ ‘ಅಜಿತಪುರಾಣ’ವನ್ನು ರಚಿಸಿದ ರನ್ನನು ‘ಗದಾಯುದ್ಧ’ದಲ್ಲಿ ಭೀಮ ದುರ್ಯೋಧನರ ಕಾಳಗವನ್ನೂ ಹಾಡಿದ. ಯುದ್ಧವನ್ನು ವರ್ಣಿಸಿದನೆಂದು ಜೈನ ಸಮಾಜ ರನ್ನನನ್ನು ದೂರವಿಡಲಿಲ್ಲ. ರತ್ನತ್ರಯರಲ್ಲಿ ಒಬ್ಬನೆಂದು ಗೌರವಿಸಿತು.

ಹಾಗಾದರೆ ರುಚಿಗೆ ಬೆಲೆಯಿಲ್ಲವೇ? ಇದೆ, ಆದರೆ ರುಚಿ ಬೇರೆ, ಪರೀಕ್ಷೆ ಬೇರೆ. ಶಿವಮೊಗ್ಗ ಜಿಲ್ಲೆಯ ಅಡಿಕೆ ಮಂಡಿಗಳಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಅಡಿಕೆಯನ್ನು ವಿಂಗಡಿಸುತ್ತಾರೆ. ತಾಂಬೂಲ ತ್ಯಾಗ ಮಾಡಿದ ವ್ರತಿಯೂ ವರ್ತಕನಾಗಿದ್ದರೆ ಸರಕನ್ನು ಗೊರಬಲಿನಿಂದ ಬೇರ್ಪಡಿಸಬಲ್ಲ. ತಾನು ಜಗಿಯುವುದಿಲ್ಲವೆಂದು ಸರಕನ್ನು ಗೊರಬಲೆಂದು ಕರೆದರೆ ಅದು ವ್ಯಾಪಾರದಲ್ಲಿ ಅಸತ್ಯವಾಗುತ್ತದೆ. ಪುಸ್ತಕದ ವಿಷಯದಲ್ಲಿಯೂ ಹಾಗೆಯೇ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಬೃಹತ್ ಕೃತಿ. ಅಂಗಡಿ ಮುಚ್ಚಿ ಬಂದು ರಾತ್ರಿ ಒಂದು ಗಂಟೆ ಓದುವ ಗೃಹಸ್ಥ ಅದನ್ನು ನೂರು ಪುಟಕ್ಕೆ ಬಿಟ್ಟರೆ ದೋಷವೇನೂ ಇಲ್ಲ. ‘ನನಗೆ ರುಚಿಸಲಿಲ್ಲ’ ಎಂದರೆ ಅದು ಒಂದು ನಯದಿಂದ ಸತ್ಯ. ‘ಆ ಕೃತಿಯಲ್ಲಿ ಸತ್ವವಿಲ್ಲ’ ಎಂದರೆ ತನ್ನ ನಯವನ್ನೇ ಪೂರ್ಣಸತ್ಯವೆಂದು ಸಾರಿದಂತೆ. ಸ್ಯಾದ್ವಾದವನ್ನು ಕಲಿತವನು ಮೊದಲನೆಯ ಮಾತಿಗೇ ನಿಲ್ಲಬೇಕು. ಬೇಟೆಯ ಪ್ರಸಂಗಗಳಿರುವ ಅದೇ ಕಾದಂಬರಿ ಜೀತದಾಳು ಗುತ್ತಿಗೂ ಅವನ ನಾಯಿ ಹುಲಿಯನಿಗೂ ಹೆಗ್ಗಡೆಗಳಿಗೆ ಕೊಟ್ಟಷ್ಟೇ ಗಮನ ಕೊಡುತ್ತದೆ. ಬೇಟೆಗಾರನ ಉತ್ಸಾಹದಲ್ಲಿ ಮಾತ್ರ ಪಾಲುಗೊಂಡವನಿಗೆ ಅನುಮೋದನದ ದೋಷ ತಗಲೀತು. ಹುಲಿಯನ ಸಂಕಟದಲ್ಲಿ ಪಾಲುಗೊಂಡವನಿಗೆ ಅನುಕಂಪೆ ಬೆಳೆದೀತು. ತನ್ನಲ್ಲಿ ಬೆಳೆದುದು ಯಾವುದೆಂದು ಓದಿದವನೇ ಬಲ್ಲ.

ಅರುಚಿಯ ಮೂಲವನ್ನೂ ಪರೀಕ್ಷಿಸಬೇಕು. ಶಿವರಾಮ ಕಾರಂತರ ‘ಚೋಮನ ದುಡಿ’ಯಲ್ಲಿ (1933) ಬೇಸಾಯ ಮಾಡಬೇಕೆಂಬುದೊಂದೇ ಚೋಮನ ಆಸೆ. ಕಾಫಿ ತೋಟದ ಸಾಲ ತೀರಿಸಲು ಮಕ್ಕಳು ಘಟ್ಟ ಹತ್ತುತ್ತಾರೆ. ಸಂಸಾರ ಕರಗಿಹೋಗುತ್ತದೆ, ಭೂಮಿ ಸಿಗುವುದಿಲ್ಲ. ಲೇವಾದೇವಿಯ ಹಿನ್ನೆಲೆಯ ಓದುಗನೊಬ್ಬ ‘ಇದು ಬರಿಯ ಗೋಳು, ಓದಲು ಬೇಸರ’ ಎಂದು ಪುಸ್ತಕ ಮುಚ್ಚಿದರೆ, ಆ ಬೇಸರ ಹುಟ್ಟಿದುದು ಎಲ್ಲಿ? ಪುಸ್ತಕ ಚಿತ್ತವನ್ನು ಕದಡಿತೆಂದೇ, ಅಥವಾ ಬಡ್ಡಿಯ ಪುಟವನ್ನು ತೆರೆದು ತೋರಿತೆಂದೇ? ಮೊದಲನೆಯದಾದರೆ ಬಿಡುವುದು ಸಂಯಮ. ಎರಡನೆಯದಾದರೆ ಬಿಡುವುದು ಪರಿಗ್ರಹದ ರಕ್ಷಣೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ರೀತಿ ಕಾಣುತ್ತವೆ. ಆದುದರಿಂದ ವರ್ಷಾಂತ್ಯದಲ್ಲಿ ಲೆಕ್ಕಪತ್ರಗಳ ತಪಾಸಣೆ ನಡೆಸುವ ವರ್ತಕ ತನ್ನ ಅರುಚಿಗಳ ತಪಾಸಣೆಯನ್ನೂ ನಡೆಸಬೇಕಾಗಿದೆ.

ಅಭಿರುಚಿಗೂ ಇದೇ ಪರೀಕ್ಷೆ ಸಲ್ಲುತ್ತದೆ. ಇದೇ ಜಿಲ್ಲೆಯಲ್ಲಿ ಹುಟ್ಟಿದ ಅನಂತಮೂರ್ತಿಯವರ ‘ಸಂಸ್ಕಾರ’ವು (1965) ಒಂದು ಅಗ್ರಹಾರದ ಒಳಗಿನ ಬಿಕ್ಕಟ್ಟನ್ನು ಚಿತ್ರಿಸುತ್ತದೆ. ಅದನ್ನು ‘ಬೇರೆಯವರ ಹುಳುಕು’ ಎಂದು ಸವಿಯುವ ಜೈನ ಓದುಗನಿಗೆ ಅದು ದುಃಶ್ರುತಿಯೇ ಆಗುತ್ತದೆ. ದೋಷ ಪುಸ್ತಕದ್ದಲ್ಲ, ದ್ವೇಷದ್ದು. ತನ್ನ ಆಚಾರ ಎಷ್ಟರಮಟ್ಟಿಗೆ ರೂಢಿ, ಎಷ್ಟರಮಟ್ಟಿಗೆ ಧರ್ಮ ಎಂದು ಕೇಳಿಕೊಳ್ಳುವವನಿಗೆ ಅದೇ ಪುಸ್ತಕ ಸ್ವಾಧ್ಯಾಯಕ್ಕೆ ಸಮೀಪವಾಗುತ್ತದೆ. ಹಾಗೆಯೇ ಶಾಂತಿನಾಥ ದೇಸಾಯಿಯವರ ‘ಓಂ ಣಮೋ’ (1999) ಜೈನ ಜೀವನವನ್ನು ವಸ್ತುವಾಗಿ ಉಳ್ಳ ಕಾದಂಬರಿ. ಲೇಖಕರ ನಿಧನಾನಂತರ ಅದಕ್ಕೆ 2000ದಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ‘ತಮ್ಮವರ ಪುಸ್ತಕ’ ಎಂಬ ಹೆಮ್ಮೆಯಿಂದ ಕೊಂಡು ಕಪಾಟಿನಲ್ಲಿರಿಸಿದರೆ ಅದು ರಾಗ. ಓದಿ, ಅಲ್ಲಿನ ಪ್ರಶ್ನೆಗಳನ್ನು ಮನೆಮಂದಿಯೊಡನೆ ಚರ್ಚಿಸಿದರೆ ಅದು ವಿವೇಕ.

ಆಯ್ಕೆಯ ಸಂದರ್ಭದಲ್ಲಿ ಶ್ರಾವಕ ಶ್ರಾವಿಕೆಯರು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬಹುದು. ಮೊದಲನೆಯದು: ಈ ಕೃತಿಯನ್ನು ಓದಿದ ಮೇಲೆ ಇತರ ಜೀವಿಗಳ ನೋವು ಹೆಚ್ಚು ತಿಳಿಯುತ್ತದೆಯೋ, ಕಡಿಮೆ ತಿಳಿಯುತ್ತದೆಯೋ? ಎರಡನೆಯದು: ಇದು ಬೇಡವೆನಿಸಿದುದು ಚಿತ್ತ ಕಲುಷಿತವಾದುದರಿಂದಲೋ, ಚುಚ್ಚಿದುದರಿಂದಲೋ? ಮೂರನೆಯದು: ಇದು ತನ್ನ ನಿಯಮವೋ, ಇನ್ನೊಬ್ಬರ ಮೇಲೆ ಹೇರುತ್ತಿರುವ ನಿಯಮವೋ? ಮೂರನೆಯದು ಮನೆಯ ಯಜಮಾನರಿಗೂ ಟ್ರಸ್ಟಿಗಳಿಗೂ ವಿಶೇಷವಾಗಿ ಸಂಬಂಧಿಸಿದುದು. ದಶಲಕ್ಷಣ ಪರ್ವದ ಹತ್ತು ದಿನ ಶಾಸ್ತ್ರವನ್ನಲ್ಲದೆ ಬೇರೇನನ್ನೂ ಓದುವುದಿಲ್ಲವೆಂದು ಒಬ್ಬರು ನಿಯಮ ಮಾಡಿಕೊಂಡರೆ ಅದು ಸ್ತುತ್ಯವಾದ ತ್ಯಾಗ. ಅದೇ ನಿಯಮವನ್ನು ಸೊಸೆಯ ಮೇಲೋ ಮೊಮ್ಮಗನ ಮೇಲೋ ವರ್ಷವಿಡೀ ಹೇರಿದರೆ ಅದರಲ್ಲಿ ಹಿರಿಯರ ತ್ಯಾಗವೂ ಇಲ್ಲ, ಕಿರಿಯರ ತ್ಯಾಗವೂ ಇಲ್ಲ. ಬಚ್ಚಿಟ್ಟು ಓದುವ ಅಭ್ಯಾಸವೊಂದೇ ಅದರ ಫಲ. ಬಚ್ಚಿಟ್ಟು ಓದಿದ ಪುಸ್ತಕದ ಬಗ್ಗೆ ಮಕ್ಕಳು ಹಿರಿಯರಲ್ಲಿ ಏನನ್ನೂ ಕೇಳಲಾರರು.

ಚಿಕ್ಕ ವಯಸ್ಸಿನವರಿಗೆ ಯಾವುದನ್ನು ಯಾವಾಗ ಕೊಡಬೇಕೆಂಬ ಎಚ್ಚರ ಬೇಕು. ಅದು ತಾಯಿ ತಂದೆಯರ ಕರ್ತವ್ಯ. ಆದರೆ ಆ ಎಚ್ಚರವನ್ನು ಪುಸ್ತಕವನ್ನು ತಾವು ಓದಿದ ಹಿರಿಯರು ಮಾತ್ರ ವಹಿಸಬಲ್ಲರು. ವಾಚನಾಲಯಕ್ಕೆ ಪುಸ್ತಕ ಆರಿಸುವ ಸಮಿತಿಗೂ ಇದೇ ಮಾತು ಅನ್ವಯಿಸುತ್ತದೆ. ಬೇಡವೆಂದು ತೀರ್ಮಾನಿಸುವ ಪ್ರತಿಯೊಂದು ಕೃತಿಯನ್ನೂ ಸಮಿತಿಯ ಒಬ್ಬ ಸದಸ್ಯರಾದರೂ ಪೂರ್ತಿ ಓದಿರಲಿ. ಬೇಡವೆನ್ನಲು ಕಾರಣವೇನೆಂಬುದನ್ನು ನಡಾವಳಿ ಪುಸ್ತಕದಲ್ಲಿ ಒಂದು ಸಾಲು ಬರೆದಿಡಲಿ. ಕಾರಣ ಬರೆಯಲು ಕುಳಿತಾಗ ಅದು ಸಂಯಮವೋ ಕೇವಲ ಅರುಚಿಯೋ ಎಂಬುದು ಬಹುಮಟ್ಟಿಗೆ ತಾನಾಗಿಯೇ ತಿಳಿದುಬರುತ್ತದೆ.