ಕಬ್ಬಿಣಕ್ಕೆ ಮತ್ತೆ ಕೈ ಹಚ್ಚುವಾಗ

2008ರ ಆಗಸ್ಟ್ 19. ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅತಿ ಭಾರದ ವಿಭಾಗದ ವೇಟ್‌ಲಿಫ್ಟಿಂಗ್ ಸ್ಪರ್ಧೆ. ಜರ್ಮನಿಯ ಮಥಿಯಾಸ್ ಸ್ಟೈನರ್‌ಗೆ ಉಳಿದಿದ್ದು ಒಂದೇ ಅವಕಾಶ. ರಷ್ಯಾದ ಚಿಗಿಶೆವ್ ಮುಂದಿದ್ದರು. ಚಿನ್ನ ಬೇಕೆಂದರೆ 258 ಕಿಲೊ ಎತ್ತಬೇಕು. ಸ್ವಲ್ಪ ಮೊದಲು ಎತ್ತಿದ್ದಕ್ಕಿಂತ 10 ಕಿಲೊ ಹೆಚ್ಚು. ಸ್ಟೈನರ್ ಎತ್ತಿದರು. ಒಟ್ಟು 461 ಕಿಲೊ, ಒಂದೇ ಕಿಲೊ ಅಂತರದ ಗೆಲುವು. ವೇದಿಕೆಯ ಮೇಲೆ ಅವರ ಒಂದು ಕೈಯಲ್ಲಿ ಪದಕವಿತ್ತು, ಇನ್ನೊಂದು ಕೈಯಲ್ಲಿ ಹೆಂಡತಿ ಸುಸಾನ್ ಅವರ ಫೋಟೊ. ಹಿಂದಿನ ವರ್ಷದ ಜುಲೈಯಲ್ಲಿ ಆಕೆ ಕಾರು ಅಪಘಾತದಲ್ಲಿ ತೀರಿಕೊಂಡಿದ್ದರು. ಆಗ ಆಕೆಗೆ 22 ವರ್ಷ.

ಆ ಚಿತ್ರವನ್ನು ಲೋಕವೆಲ್ಲ ನೋಡಿತು. ನನ್ನ ಮನಸ್ಸು ಮಾತ್ರ ಅದರ ಹಿಂದಿನ ಹದಿಮೂರು ತಿಂಗಳ ಕಡೆಗೇ ಹೋಗುತ್ತದೆ. ಆ ಅವಧಿಯಲ್ಲಿ ಎಂದೋ ಒಂದು ದಿನ ಅವರು ಬರೀ ಸರಳನ್ನು ಮತ್ತೆ ಕೈಗೆ ತೆಗೆದುಕೊಂಡಿರಲೇಬೇಕು. ಗಂಡಸರ ಸ್ಪರ್ಧೆಯ ಸರಳು ಒಂದು ಬಿಲ್ಲೆಯೂ ಇಲ್ಲದೆ 20 ಕಿಲೊ ತೂಗುತ್ತದೆ. ಮನೆಯವರನ್ನು ಕಳಕೊಂಡವರಿಗೆ ಆ 20 ಕಿಲೊ ಎಷ್ಟು ಭಾರ ಎಂಬುದು ಎತ್ತಿದವರಿಗೇ ಗೊತ್ತು. ಆ ದಿನದ ಫೋಟೊ ಯಾರೂ ತೆಗೆಯುವುದಿಲ್ಲ. ನನಗೆ ದೊಡ್ಡದಾಗಿ ಕಾಣುವುದು ಆ ದಿನವೇ.

ನಮ್ಮಲ್ಲಿ ಸಾವಿನ ಮನೆಯವರು ಮೈ ದಂಡಿಸಿದರೆ ನೋಡುವವರಿಗೆ ಸರಿಬರುವುದಿಲ್ಲ. ಸೂತಕ ಕಳೆದು, ವೈಕುಂಠ ಸಮಾರಾಧನೆ ಮುಗಿದು, ನೆಂಟರೆಲ್ಲ ಊರಿಗೆ ಹೋದ ಮೇಲೂ ದುಃಖಕ್ಕೆ ಒಂದು ಭಂಗಿ ಇರಬೇಕು ಎಂದು ಜನ ಬಯಸುತ್ತಾರೆ. ಮೂಲೆ ಹಿಡಿದು ಕೂತರೆ ಅದು ಗೌರವ. ಬೆಳಿಗ್ಗೆ ಎದ್ದು ಓಡಲು ಹೊರಟರೆ, "ಅಪ್ಪ ಹೋಗಿ ಇನ್ನೂ ತಿಂಗಳಾಗಿಲ್ಲ, ಆಗಲೇ ಜಿಮ್ಮಂತೆ" ಎಂಬ ಮಾತು ಬೇಲಿ ದಾಟಿ ಬರುತ್ತದೆ. ಅಪ್ಪಯ್ಯ ಹೋದ ಮೇಲೆ ನಾನೂ ಅದನ್ನು ಕೇಳಿದ್ದೇನೆ. ಆಡಿದವರು ಕೆಟ್ಟವರಲ್ಲ. ವ್ಯಾಯಾಮವೆಂದರೆ ಮೋಜು, ಅಲಂಕಾರ ಎಂದು ಅವರು ತಿಳಿದಿದ್ದಾರೆ. ನಾನು ಹಾಗೆ ತಿಳಿಯುವುದಿಲ್ಲ. ಗರಡಿಯಲ್ಲಿ ಕೆಮ್ಮಣ್ಣನ್ನು ಹಣೆಗೆ ಮುಟ್ಟಿಸಿಕೊಂಡು ದಂಡ ಹೊಡೆಯುವವರನ್ನು ಒಮ್ಮೆ ನೋಡಿದವರಿಗೆ ಅದರಲ್ಲಿ ಮೋಜಿಗಿಂತ ಭಕ್ತಿಯೇ ಹೆಚ್ಚು ಕಾಣುತ್ತದೆ.

ದುಃಖ ಮನಸ್ಸಿನದು ಅನ್ನುತ್ತೇವೆ. ಹೊರುವುದು ಮೈ. ನಿದ್ದೆ ಹೋಗುತ್ತದೆ, ಹಸಿವು ಹೋಗುತ್ತದೆ, ಎದ್ದು ನಿಂತರೆ ಕಾಲು ಸೋಲುತ್ತದೆ. ತೀವ್ರ ಆಘಾತದ ನಂತರ ಹೃದಯದ ಎಡಗೋಣೆ ತಾತ್ಕಾಲಿಕವಾಗಿ ಉಬ್ಬಿ ದುರ್ಬಲವಾಗುವ ಸ್ಥಿತಿಯನ್ನು ಜಪಾನಿನ ವೈದ್ಯರು 1990ರಲ್ಲಿ ವಿವರಿಸಿದರು. ಅಷ್ಟಪದಿ ಹಿಡಿಯಲು ಅಲ್ಲಿನ ಬೆಸ್ತರು ಬಳಸುವ ಮಡಕೆಯ ಆಕಾರ ಅದಕ್ಕಿದ್ದುದರಿಂದ ಟಾಕೋಟ್ಸುಬೋ ಎಂಬ ಹೆಸರು ಬಂತು. ಹತ್ತಿರದವರು ಸತ್ತ ಮೊದಲ 24 ಗಂಟೆಗಳಲ್ಲಿ ಹೃದಯಾಘಾತದ ಅಪಾಯ ಸಾಮಾನ್ಯ ದಿನಗಳಿಗಿಂತ ಸುಮಾರು 21 ಪಟ್ಟು ಹೆಚ್ಚಿರುತ್ತದೆ, ಆಮೇಲೆ ದಿನದಿಂದ ದಿನಕ್ಕೆ ಇಳಿಯುತ್ತದೆ ಎಂದು ಅಮೆರಿಕದಲ್ಲಿ 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ಕಂಡುಕೊಂಡಿತು. ಹಾಗಾಗಿ ನಡುವಯಸ್ಸು ದಾಟಿದವರು, ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡ ಇರುವವರು ಮತ್ತೆ ಶುರು ಮಾಡುವ ಮುನ್ನ ಒಮ್ಮೆ ವೈದ್ಯರಿಗೆ ತೋರಿಸಿಕೊಳ್ಳಲಿ. ಎದೆ ಬಿಗಿದರೆ "ದುಃಖಕ್ಕೆ ಹೀಗಾಗಿದೆ" ಎಂದು ಸುಮ್ಮನಿರುವುದಂತೂ ಬೇಡವೇ ಬೇಡ.

ಬಿಟ್ಟ ಮೈ ಎಲ್ಲ ಕಡೆ ಒಂದೇ ಸಮ ಸೊರಗುವುದಿಲ್ಲ. ದಮ್ಮು ಬೇಗ ಹೋಗುತ್ತದೆ. ಎರಡು ಮೂರು ವಾರಕ್ಕೇ ಮೆಟ್ಟಿಲು ಹತ್ತುವಾಗ ತಿಳಿಯುತ್ತದೆ. ಶಕ್ತಿ ಅಷ್ಟು ಬೇಗ ಕೈಬಿಡುವುದಿಲ್ಲ. ಮೊದಲ ಸಲ ಗಳಿಸಲು ಹಿಡಿದ ಕಾಲಕ್ಕಿಂತ ಕಡಿಮೆ ಕಾಲದಲ್ಲಿ ಅದು ವಾಪಸು ಬರುತ್ತದೆ ಎಂಬುದು ಗರಡಿಯ ಉಸ್ತಾದರಿಗೆ ಯಾವಾಗಿನಿಂದಲೋ ಗೊತ್ತು. ಓಸ್ಲೋದ ಸಂಶೋಧಕರು 2010ರಲ್ಲಿ ಇಲಿಗಳಲ್ಲಿ ಇದಕ್ಕೆ ಒಂದು ಕಾರಣ ತೋರಿಸಿದರು: ಸ್ನಾಯು ಬೆಳೆಯುವಾಗ ಅದರ ಎಳೆಗಳಿಗೆ ಸೇರಿದ ಹೊಸ ಕೋಶಕೇಂದ್ರಗಳು, ಸ್ನಾಯು ಸೊರಗಿದ ಮೇಲೂ ತಿಂಗಳುಗಟ್ಟಲೆ ಅಲ್ಲೇ ಉಳಿದಿದ್ದವು. ಮನುಷ್ಯರಲ್ಲಿ ಇದು ಎಷ್ಟರ ಮಟ್ಟಿಗೆ ನಿಜ ಎಂಬ ಚರ್ಚೆ ಮುಗಿದಿಲ್ಲ. ಆದರೂ ಓದಿದಾಗ ನನಗೆ ಧೈರ್ಯ ಬಂದಿತ್ತು.

ಒಂದು ಎಚ್ಚರ ಬೇಕು. ಸ್ನಾಯು ಮರಳುವ ವೇಗದಲ್ಲಿ ಅದನ್ನು ಮೂಳೆಗೆ ಕಟ್ಟುವ ನಾರು ಮರಳುವುದಿಲ್ಲ. ಮೊದಲು ಎತ್ತುತ್ತಿದ್ದ ಭಾರವನ್ನು ಸಾಲ ತೀರಿಸುವವರಂತೆ ಮೊದಲ ವಾರವೇ ಎತ್ತಹೋದರೆ ಭುಜ, ಮೊಣಕೈ, ಹಿಮ್ಮಡಿ ಕೈಕೊಡುತ್ತವೆ. ಅರ್ಧ ಭಾರ, ಅರ್ಧ ಹೊತ್ತು ಸಾಕು. ಶೋಕದಲ್ಲಿ ಹಸಿವಿರುವುದಿಲ್ಲವಾದ್ದರಿಂದ ಊಟವನ್ನು ಗಡಿಯಾರ ನೋಡಿ ಮಾಡಬೇಕು. ಇನ್ನೊಂದು ಮಾತನ್ನು ಒತ್ತಿ ಹೇಳಬೇಕೆನಿಸುತ್ತದೆ: ದಂಡ ಹೊಡೆಯುವಾಗ ಅಳು ಬಂದರೆ ಅತ್ತುಬಿಡಿ. ಅದಕ್ಕಾಗಿ ಅವತ್ತಿನ ವ್ಯಾಯಾಮ ನಿಲ್ಲಿಸಬೇಕಾಗಿಲ್ಲ.

ಅಪ್ಪಯ್ಯ ಹೋದ ಮೇಲಿನ ಆ ದಿನಗಳಲ್ಲೇ ನನಗೆ ಕತ್ತಿಗಳ ಹುಚ್ಚು ಹಿಡಿಯಿತು. ಅಪ್ಪಯ್ಯನದು ಅಡಿಕೆ ತೋಟದ ಬದುಕು. ಸೊಪ್ಪು ಕಡಿಯುವ ಕತ್ತಿ, ಹುಲ್ಲು ಕೊಯ್ಯುವ ಕುಡುಗೋಲು, ಅಡಿಕೆ ಸುಲಿಯುವ ಮೆಟ್ಟುಗತ್ತಿ, ಹರಿವಾಣದಲ್ಲಿ ಎಲೆ ಸುಣ್ಣದ ಜೊತೆ ಸದಾ ಇರುತ್ತಿದ್ದ ಅಡಕತ್ತರಿ. ಅಟ್ಟದಿಂದ ಇಳಿಸಿದಾಗ ಒಂದೊಂದರ ಹಿಡಿಯಲ್ಲೂ ಅವರ ಬೆರಳು ಸವೆಸಿದ ಜಾಗವಿತ್ತು. ಆಮೇಲೆ ಹೋದ ಊರಲ್ಲೆಲ್ಲ ಕುಲುಮೆ ಹುಡುಕುವುದು ಅಭ್ಯಾಸವಾಯಿತು. ಸಂತೆಗಳಲ್ಲಿ ಕೂತ ಕಮ್ಮಾರರಿಂದ ಕೊಂಡೆ, ಹಳೆಯ ಮನೆ ಕೆಡವುವವರಿಂದ ಈಳಿಗೆಮಣೆ ಕೇಳಿ ತಂದೆ. ಮನೆಗೆ ಬಂದವರು ಗೋಡೆಯ ಮೇಲಿನ ಸಾಲು ನೋಡಿ ಸ್ವಲ್ಪ ಹಿಂಜರಿಯುತ್ತಾರೆ. ಕತ್ತಿಯೆಂದರೆ ಪೊಲೀಸ್ ಸುದ್ದಿಯ ಕತ್ತಿಯೇ ಈಗ ಜನರ ಕಣ್ಣಿಗೆ ಬರುವುದು, ಇದು ಬೇಸರದ ಸಂಗತಿ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನ ಪೀಚೆಕತ್ತಿ, ಒಡಿಕತ್ತಿಗಳಿಗೆ ಹೂವಿಟ್ಟು ಪೂಜಿಸುತ್ತಾರೆ. ಮದುವೆಯಲ್ಲಿ ನೆಟ್ಟ ಬಾಳೆಯ ಕಂಬಗಳನ್ನು ಒಡಿಕತ್ತಿಯಿಂದ ಕಡಿಯುವ ಶಾಸ್ತ್ರವಿದೆ. ಮನೆತನದ ಮರ್ಯಾದೆಯೇ ಆ ಅಲಗಿನಲ್ಲಿದೆ.

ಕಳಕೊಂಡವರು ವಸ್ತುಗಳನ್ನು ಕೂಡಿಡುವುದು ಹೊಸತಲ್ಲ. ಪುಣೆಯಲ್ಲಿ ದಿನಕರ ಕೇಳ್ಕರ್ ಎಂಬ ಕವಿ ಇದ್ದರು. 1896ರಲ್ಲಿ ಹುಟ್ಟಿ 1990ರವರೆಗೆ ಬಾಳಿದವರು. ಅವರ ಒಬ್ಬನೇ ಮಗ ರಾಜಾ ಎಳೆಯ ವಯಸ್ಸಿನಲ್ಲೇ ತೀರಿಕೊಂಡ. ಕೇಳ್ಕರ್ ಊರೂರು ಸುತ್ತಿ ದೀಪ, ಬಾಗಿಲು, ವಾದ್ಯ, ಪಾತ್ರೆ ಕೂಡಿಸಿದರು. ಸಾವಿರಗಟ್ಟಲೆ ವಸ್ತುಗಳ ಆ ಸಂಗ್ರಹವನ್ನು 1975ರಲ್ಲಿ ಮಹಾರಾಷ್ಟ್ರ ಸರ್ಕಾರಕ್ಕೆ ಒಪ್ಪಿಸಿದರು. ಮ್ಯೂಸಿಯಮ್ಮಿಗೆ ಇಂದಿಗೂ ಮಗನ ಹೆಸರೇ ಇದೆ. ಅಲ್ಲಿನ ಅಡಕತ್ತರಿಗಳು ತುಂಬ ಪ್ರಸಿದ್ಧ. ಅಡಿಕೆ ಹೋಳು ಮಾಡುವ ಒಂದು ಚಿಕ್ಕ ಸಾಧನಕ್ಕೆ ಇಷ್ಟೊಂದು ರೂಪಗಳೇ ಎಂದು ಬೆರಗಾಗುತ್ತದೆ. ಮಗ ಬೆಳೆದಿದ್ದರೆ ಅವನ ಮೇಲೆ ಸುರಿಯುತ್ತಿದ್ದ ಗಮನವನ್ನೆಲ್ಲ ತಂದೆ ಈ ವಸ್ತುಗಳಿಗೆ ಕೊಟ್ಟರೇನೋ ಎಂದು ನನಗೆ ಅನಿಸುತ್ತದೆ. ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸೆನರ್ ಕೂಡ 1909ರಲ್ಲಿ ತಾಯಿ ವಿಕ್ಟೋರಿಯಾ ತೀರಿಕೊಂಡಾಗ ತಾವು ಮಾಡುವ ಚಾಕುಗಳಿಗೆ ಆಕೆಯ ಹೆಸರಿಟ್ಟರು. ನಮ್ಮ ಎಷ್ಟೋ ಜನರ ಕೀಲಿಗೊಂಚಲಿನಲ್ಲಿ ತೂಗುವ ಕೆಂಪು ಹಿಡಿಯ ವಿಕ್ಟೋರಿನಾಕ್ಸ್ ಅದೇ.

ಹಳೆಯ ಕತ್ತಿಗಳ ಉಕ್ಕು ಮಳೆಗಾಲದಲ್ಲಿ ನಾಲ್ಕು ದಿನ ಮರೆತರೂ ತುಕ್ಕು ಹಿಡಿಯುತ್ತದೆ. ಚರ್ಮದ ಒರೆಯಲ್ಲಿಟ್ಟರೆ ಇನ್ನೂ ಕಷ್ಟ, ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ. ತೊಳೆದು, ಒರೆಸಿ, ತೆಳ್ಳಗೆ ಎಣ್ಣೆ ಸವರಬೇಕು. ಕೆಂಪು ತುಕ್ಕಿಗೆ ಹುಣಸೆಹುಳಿ, ಬೂದಿ ಸಾಕು. ಬಳಸಿ ಬಳಸಿ ಬಂದ ಕಪ್ಪು ಬಣ್ಣವನ್ನು ಮಾತ್ರ ಉಜ್ಜಿ ತೆಗೆಯಬಾರದು, ಅದು ಅಲಗನ್ನು ಕಾಯುತ್ತದೆ. ಅವಸರಕ್ಕೆ ಕರೆಂಟಿನ ಗ್ರೈಂಡರಿಗೆ ಒತ್ತಿ ಹಿಡಿದರೆ ಅಂಚು ಕಾದು ನೀಲಿಗಟ್ಟುತ್ತದೆ. ಕಮ್ಮಾರ ಹಾಕಿದ ಹದ ಅಲ್ಲಿಗೆ ಹೋಯಿತು. ಮುಂದೆ ಎಷ್ಟು ಮಸೆದರೂ ಆ ಜಾಗದಲ್ಲಿ ಹರಿತ ನಿಲ್ಲುವುದಿಲ್ಲ. ಸಾಣೆಕಲ್ಲಿನ ಮೇಲೆ ನೀರು ಹಾಕಿ, ಒಂದೇ ಓರೆಯಲ್ಲಿ, ಮೆಲ್ಲಗೆ ಎಳೆಯಬೇಕು. ಅಡುಗೆ ಚಾಕುವಿಗೆ ಒಂದೊಂದು ಮಗ್ಗುಲಿಗೆ 15ರಿಂದ 20 ಡಿಗ್ರಿ ಓರೆ ಸಾಕು. ಕಟ್ಟಿಗೆ ಕಡಿಯುವ ಮಚ್ಚಿಗೆ ಇನ್ನಷ್ಟು ಬೇಕು, ಇಲ್ಲದಿದ್ದರೆ ಬಾಯಿ ಮುರಿಯುತ್ತದೆ.

ಸಂಜೆ ವ್ಯಾಯಾಮ ಮುಗಿಸಿ ಈ ಕೆಲಸಕ್ಕೆ ಕೂರುತ್ತೇನೆ. ಎರಡೂ ಕೆಲಸ ನಾನು ಹೇಗಿದ್ದೇನೆಂದು ಕೇಳುವುದಿಲ್ಲ. ಸರಿಯಾಗಿ ಮಾಡು ಎಂದಷ್ಟೇ ಕೇಳುತ್ತವೆ. ಮಾತಿನಲ್ಲಿ ಸಮಾಧಾನ ಹೇಳಲು ಬಂದ ಎಷ್ಟೋ ಜನರಿಗಿಂತ ಇದು ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದೆ. ಹಾಗೆಂದು ವ್ಯಾಯಾಮವೊಂದರಿಂದ ಎಲ್ಲರ ದುಃಖ ಕರಗುತ್ತದೆ ಎಂದು ನಾನು ಹೇಳಲಾರೆ. ಮಲಗಿದಲ್ಲಿಂದ ಏಳಲೇ ಆಗದವರಿಗೆ, ಬದುಕೇ ಬೇಡವೆನಿಸುವವರಿಗೆ ಬೇಕಾದದ್ದು ವೈದ್ಯರ ನೆರವು. ಅಂಥ ಮನೆಯಲ್ಲಿ ಹರಿತದ ವಸ್ತುಗಳು ಕೈಗೆ ಸಿಗದಂತೆ ತೆಗೆದಿಡುವುದೇ ಪ್ರೀತಿ. ಮಕ್ಕಳಿರುವ ಮನೆಯಲ್ಲಿ ಬೀಗ ಹಾಕಿಡಬೇಕು. ಸಂಗ್ರಹಕ್ಕೆ ಇಳಿಯುವವರು ಕಾನೂನನ್ನೂ ತಿಳಿದಿರಲಿ: ಮನೆಬಳಕೆಗೂ ಬೇಸಾಯಕ್ಕೂ ಅಲ್ಲದ, 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲವಾದ ಅಲಗುಗಳನ್ನು 2016ರ ಶಸ್ತ್ರಾಸ್ತ್ರ ನಿಯಮಗಳು ಆಯುಧಗಳ ಪಟ್ಟಿಗೆ ಸೇರಿಸುತ್ತವೆ.

ಹಳ್ಳಿಮನೆಗಳು ಖಾಲಿಯಾಗುತ್ತಿರುವ ಕಾಲ ಇದು. ಹಿರಿಯರು ಹೋದ ವರ್ಷವೇ ಅಟ್ಟದ ಕತ್ತಿ ಕುಡುಗೋಲುಗಳೆಲ್ಲ ಗುಜರಿಯವರ ತಕ್ಕಡಿಗೆ ಬೀಳುತ್ತವೆ. ಕೊಡುವ ಮುನ್ನ ಒಂದನ್ನಾದರೂ ಆರಿಸಿ ತೆಗೆದಿಡಿ. ಹಿಡಿ ಸಡಿಲವಾಗಿದ್ದರೆ ಹೊಸದು ಹಾಕಿಸಿ, ಸಾಣೆ ಹಿಡಿಸಿ, ಗಾಜಿನ ಪೆಟ್ಟಿಗೆಯಲ್ಲಿಡದೆ ಬಳಸಿ. ನಿಮ್ಮೂರ ಕುಲುಮೆ ಇನ್ನೂ ಉರಿಯುತ್ತಿದ್ದರೆ ಈ ಕೆಲಸವನ್ನು ಅಲ್ಲಿಗೇ ಕೊಡಿ. ಹದ ಹಾಕಬಲ್ಲ ಕೈಗಳು ಈಗ ಬಹಳ ಉಳಿದಿಲ್ಲ.