ಹೂ ಕೀಳಬೇಡ ಎಂದವನು

ಸೋಣ ತಿಂಗಳು. ಮಳೆ ಹೊಳವಾದ ಬೆಳಗ್ಗೆ ಮೊಮ್ಮಗಳೊಡನೆ ನಮ್ಮೂರ ಪದವು ಹತ್ತಿದೆ. ಕಣ್ಣೂರಿನ ಮಾಡಾಯಿಪ್ಪಾರೆಗಾದರೆ ದೂರದಿಂದ ಜನ ಬರುತ್ತಾರೆ. ಕಾಸರಗೋಡಿನ ಈ ಪದವನ್ನು ಕೇಳುವವರಿಲ್ಲ. ಬೇಸಗೆಯಲ್ಲಿ ಕಾಲು ಸುಡುವ ಕೆಂಪುಕಲ್ಲಿನ ಹಾಸು ಈಗ ನೀಲಿ. "ಕಾಕ್ಕಪ್ಪೂವ್!" ಎಂದಳು, ಶಾಲೆಯ ಗೆಳತಿಯರಿಂದ ಕಲಿತ ಮಲಯಾಳ ಹೆಸರು. ಓಣಂ ಪೂಕ್ಕಳಕ್ಕೆಂದು ಕೈಚಾಚಿದಾಗ ತಡೆದೆ.

"ಬೇಡ ಮಗಾ. ಇಲ್ಲಿ ಮಣ್ಣೇ ಇಲ್ಲ. ಎಳೆಗಳಲ್ಲಿ ಪುಟ್ಟ ಚೀಲ ಕಟ್ಟಿ, ನೀರಿನ ಸಣ್ಣ ಜೀವಿಗಳನ್ನು ಹಿಡಿದು ಬದುಕುವ ಬಡ ಗಿಡ ಇದು."

"ಅಜ್ಜ, ನಮ್ಮ ಮನೆಯ ಕಲ್ಲು ಎಲ್ಲಿಯದು?"

ಇಂಥದೇ ಪದವಿನದು. 1807ರಲ್ಲಿ ಅಚ್ಚಾದ ತನ್ನ ಪ್ರವಾಸ ಗ್ರಂಥದಲ್ಲಿ ಬುಕಾನನ್ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ. ಮಲಯಾಳದಲ್ಲಿ ವೆಟ್ಟುಕಲ್ಲ್, ಕಡಿಯುವ ಕಲ್ಲು. ಎರಡು ಹೆಸರಲ್ಲೂ ಅದು ಆಗಲೇ ಗೋಡೆ!

ಹೂ ಕಿತ್ತರೂ ಉಳಿದವುಗಳ ಬೀಜದಿಂದ ಮುಂದಿನ ಮಳೆಗೆ ಹೂ ಬಂದೀತು. ಕೋರೆಯವರು ಕಡಿದ ಹಾಸು ಮರಳದು. ತಲೆಯ ಮೇಲೆ ಸೂರು ಬೇಡವೇ ಎಂದು ವಾದಿಸಬಲ್ಲೆ. ಆದರೆ ಆಳೆತ್ತರದ ಆ ಪಾಗಾರವೂ ಬೇಕಿತ್ತು ಎನ್ನಲು ನನಗೆ ಬಾಯಿಲ್ಲ.

ಅವಳು ನಾಲ್ಕು ಹೂ ಕಿತ್ತಳು. ನಾನು ಏನೂ ಹೇಳಲಿಲ್ಲ.