ಯಜಮಾನಿಕೆ ಯಾರದು?

ಪೂಜಾರಿಯಿಲ್ಲದೆ ಗುಡಿ, ಹೆಡ್‌ಮಾಸ್ತರರಿಲ್ಲದೆ ಶಾಲೆ ನಡೆದೀತೇ? ನಡೆದೀತು ಎಂದು ಮೂರೂವರೆ ಶತಮಾನಗಳಿಂದ ಹಟ ಹಿಡಿದವರು ಕ್ವೇಕರರು. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸ್ ಮತ್ತು ಸಂಗಡಿಗರು ಕಟ್ಟಿದ ಕ್ರೈಸ್ತ ಪಂಥ ಇವರದು. ದೇವರ ಬೆಳಕು ಎಲ್ಲರೊಳಗೂ ಇರುವಾಗ ನಡುವೆ ಪಾದ್ರಿಯೇಕೆ ಎಂದು ಕೇಳಿದವರು. ನ್ಯಾಯಾಧೀಶರ ಮುಂದೆಯೂ ಟೊಪ್ಪಿ ತೆಗೆಯದೆ, ಅವರನ್ನೂ ಏಕವಚನದಲ್ಲೇ ಮಾತನಾಡಿಸಿ ಜೈಲು ಕಂಡವರು. ಇಂದು ಕೆಲವು ಶಾಖೆಗಳಲ್ಲಿ ಪಾದ್ರಿಗಳಿದ್ದಾರೆ. ನನ್ನ ಮಾತು ಮೌನವಾಗಿ ಕೂತು ಪ್ರಾರ್ಥಿಸುವ ಹಳೆಯ ಕವಲಿನದು.

ಇಂಥ ತತ್ತ್ವ ಹದಿಹರೆಯದವರ ಕೈಗೆ ಸಿಕ್ಕರೆ ಏನಾದೀತು? ಅಮೆರಿಕದಲ್ಲಿ 1672ರಷ್ಟು ಹಳೆಯದಾದ ಬಾಲ್ಟಿಮೋರ್ ವಾರ್ಷಿಕ ಸಭೆಯ ಹೈಸ್ಕೂಲು ಮಕ್ಕಳು ಆಗಾಗ ವಾರದ ಕೊನೆಗೆ ಯಾವುದಾದರೊಂದು ಪ್ರಾರ್ಥನಾಮಂದಿರದಲ್ಲಿ ಸೇರುತ್ತಾರೆ. ಕೂಟ ನಡೆಸುವ ಮಕ್ಕಳ ಸಮಿತಿಯ ಹೆಸರು 'ನಟ್ಸ್ ಅಂಡ್ ಬೋಲ್ಟ್ಸ್'. ಜೊತೆಗಿರುವ ದೊಡ್ಡವರನ್ನು ಮೇಷ್ಟ್ರು, ವಾರ್ಡನ್ ಎನ್ನುವುದಿಲ್ಲ. ಅವರದು 'ಸ್ನೇಹದ ಹಿರಿಯರ ಹಾಜರಿ'. ವರ್ಷಗಟ್ಟಲೆ ಹಾಜರಿ ಕೂಗಿದವಳು ನಾನು. ಹಿರಿಯರೇ ಹಾಜರಿಯಾಗಿಬಿಟ್ಟದ್ದು ಕಂಡು ನಗು ಬಂತು.

ಇವರಲ್ಲಿ ಕೈಯೆತ್ತಿ ಮತ ಹಾಕುವ ಪದ್ಧತಿಯಿಲ್ಲ. ಎಲ್ಲರ ಮಾತೂ ಕೇಳಿ, ನಡುನಡುವೆ ಸುಮ್ಮನೆ ಕೂತು, ಸಭೆಯ ಒಲವು ಎತ್ತ ಎಂದು ತಿಳಿಯಬೇಕು. ಹೀಗಾಗಿ ರಾತ್ರಿ ಎಷ್ಟು ಗಂಟೆಗೆ ಮಲಗಬೇಕೆಂದು ತೀರ್ಮಾನಿಸುವ ಸಭೆ ಆ ಗಂಟೆಯನ್ನೂ ದಾಟಿ ನಡೆದರೆ ಆಶ್ಚರ್ಯವಿಲ್ಲ. ಒಲವನ್ನು ಗುರುತಿಸುವವನು 'ಕ್ಲರ್ಕ್'. ನಮ್ಮ ಕ್ಲಾಸಿನ ಮಾನಿಟರು ಮಾತಾಡಿದವರ ಹೆಸರು ಬರೆಯುತ್ತಾನೆ. ಇವನು ಮಾತಿನ ಸಾರ ಬರೆಯುತ್ತಾನೆ. ಬರೆದದ್ದನ್ನು ಅಲ್ಲೇ ಓದಿ ಹೇಳಬೇಕು, ಸಭೆ ಒಪ್ಪಬೇಕು.

ಹಾಗಾದರೆ ನಡೆಸುವವರು ಯಾರು? ಎಲ್ಲರೂ ಎನ್ನುವುದು ಚೆಂದದ ಉತ್ತರ. ಆದರೆ ಯಜಮಾನಿಕೆಯನ್ನು ತಲೆಬಾಗಿಲಿನಿಂದ ಆಚೆ ಹಾಕಿದರೆ ಅದು ಹಿತ್ತಿಲ ಬಾಗಿಲಿನಿಂದ ಒಳಗೆ ಬರುತ್ತದೆ. ಉಪ್ಪಿನ ಡಬ್ಬಿ ಎಲ್ಲಿದೆಯೆಂದು ಬಲ್ಲವಳು, ಎಲ್ಲರಿಗಿಂತ ಹೆಚ್ಚು ಹೊತ್ತು ನಿದ್ದೆಗೆಡಬಲ್ಲವನು, ಗೆಳೆಯರ ಗುಂಪು ದೊಡ್ಡದಿರುವವನು ಸದ್ದಿಲ್ಲದೆ ಯಜಮಾನರಾಗುತ್ತಾರೆ. ಇಂಥವರನ್ನು ಪ್ರಶ್ನಿಸುವುದು ಕಷ್ಟ. ಅವರಿಗೆ ಅಧಿಕಾರವಿದೆಯೆಂದು ಯಾರೂ ಒಪ್ಪಿಲ್ಲವಲ್ಲ! ಸಂಕೋಚದ ಹುಡುಗಿಯೊಬ್ಬಳು ಮೂಲೆಯಲ್ಲಿ ಸುಮ್ಮನಿದ್ದರೆ, ಅದು ಒಪ್ಪಿಗೆಯೋ ಅಂಜಿಕೆಯೋ?

ಕ್ವೇಕರರ ಜಾಣತನ ನನಗೆ ಕಾಣುವುದು ಇಲ್ಲಿ. ಯಜಮಾನನೇ ಬೇಡವೆಂದವರೂ ಕ್ಲರ್ಕನನ್ನು ಹೆಸರಿಟ್ಟು ಕೂರಿಸುತ್ತಾರೆ, ಅವಧಿ ಮುಗಿದ ಮೇಲೆ ಎಬ್ಬಿಸುತ್ತಾರೆ. ಮುಂಬಾಗಿಲ ಬೀಗದ ಕೈ ಮಾತ್ರ ಆ ಸ್ನೇಹದ ಹಿರಿಯರ ಜೇಬಿನಲ್ಲೇ ಇದ್ದೀತು. ಇರಲಿ, ಮಕ್ಕಳ ಕ್ಷೇಮಕ್ಕೆ ಕೊನೆಗೆ ಉತ್ತರ ಹೇಳಬೇಕಾದವರು ಅವರೇ. ಆದರೆ ಬೀಗದ ಕೈ ತಮ್ಮಲ್ಲಿದೆಯೆಂದು ಮಕ್ಕಳಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಸ್ವಾತಂತ್ರ್ಯ ಇಷ್ಟೇ ಎಂದರೆ ಮಕ್ಕಳು ಸಹಿಸುತ್ತಾರೆ. ಪೂರ್ತಿ ಕೊಟ್ಟೆವೆಂದು ನಟಿಸಿದರೆ ಸಹಿಸುವುದಿಲ್ಲ.